ಬರಪೀಡಿತ ಊರಿನ ನೀರಿನ ತೀರ್ಮಾನದಲ್ಲಿ ಗ್ರಾಮಸಭೆಯ ಅಧಿಕಾರ ಎಷ್ಟು?

ಪ್ರಶ್ನೆ (ನಾಗಮಂಗಲ ತಾಲ್ಲೂಕಿನಿಂದ):
ನಮ್ಮೂರಿಗೆ ನಾಲೆಯಿಲ್ಲ, ಕೆರೆ ತುಂಬಿದ ವರ್ಷ ಮಾತ್ರ ಕೊಳವೆಬಾವಿಗಳಲ್ಲಿ ನೀರಿರುತ್ತದೆ. ಹೊಸ ಬಾವಿ ಎಲ್ಲಿ ಕೊರೆಯಬೇಕು, ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಗ್ರಾಮಸಭೆಯಲ್ಲಿ ಅದನ್ನು ಓದಿ, ಹಾಜರಾದವರಿಂದ ಸಹಿ ಪಡೆಯುತ್ತಾರೆ. ಜನರಿಗೆ ಇದಕ್ಕಿಂತ ಹೆಚ್ಚಿನ ಅಧಿಕಾರವಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಮೈಸೂರು):
ಇದೆ ಸರ್, ಆದರೆ ಕೇಳಿ ಪಡೆಯಬೇಕು. 15ನೇ ಹಣಕಾಸು ಆಯೋಗವು 2021-22ರಿಂದ ಪಂಚಾಯಿತಿ ಅನುದಾನದ ಶೇ. 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತು. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಕೊಯ್ಲು ಮತ್ತು ನೀರಿನ ಮರುಬಳಕೆಗೆ. ಜಲ ಜೀವನ್ ಮಿಷನ್ ಮಾರ್ಗಸೂಚಿಯಂತೆ ಗ್ರಾಮದ ನೀರು ಮತ್ತು ನೈರ್ಮಲ್ಯ ಸಮಿತಿಯ ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಸಭೆಗೆ ಮೊದಲೇ ಈ ಹಣದ ಕ್ರಿಯಾ ಯೋಜನೆಯ ಪ್ರತಿಯನ್ನೂ, ಪ್ರತಿ ಕೊಳವೆಬಾವಿಯ ಆಳ, ಸಿಕ್ಕ ನೀರು ಎಷ್ಟು ಇಂಚು, ಮೋಟಾರು ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎಂಬ ಪಟ್ಟಿಯನ್ನೂ ಲಿಖಿತವಾಗಿ ಕೇಳಿ. ಈ ಅಂಕಿಗಳು ಕೈಯಲ್ಲಿಲ್ಲದೆ ನಡೆಯುವ ಚರ್ಚೆ ಬರೀ ಗದ್ದಲವಾಗುತ್ತದೆ.

ಉತ್ತರ 2 (ಮಂಡ್ಯ, ನಾಲೆಯ ಕೊನೆ ಭಾಗದ ರೈತ):
ಸಮಿತಿ ರಚನೆಯಾದ ಮಾತ್ರಕ್ಕೆ ಅಧಿಕಾರ ಬರುವುದಿಲ್ಲ. 1965ರ ಕರ್ನಾಟಕ ನೀರಾವರಿ ಕಾಯಿದೆಗೆ 2000ದಲ್ಲಿ ತಂದ ತಿದ್ದುಪಡಿಯಿಂದ ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಮಾನ್ಯತೆ ಸಿಕ್ಕಿತು. ನಮ್ಮ ಉಪನಾಲೆಯ ಸಂಘ ಮಾತ್ರ ನಾಮಫಲಕದಲ್ಲೇ ಉಳಿದಿದೆ. 2023ರಲ್ಲಿ ಕೆ.ಆರ್.ಎಸ್. 124.80 ಅಡಿಯ ಗರಿಷ್ಠ ಮಟ್ಟ ಮುಟ್ಟಲಿಲ್ಲ. ಇಂಥ ವರ್ಷ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಟ್ಟರೂ ಮೇಲ್ಭಾಗದವರು ನಾಲೆಗೇ ಪಂಪ್‌ಸೆಟ್ ಇಟ್ಟರೆ ನಮ್ಮ ತೂಬಿನವರೆಗೆ ಬರುವುದು ತೇವ ಮಾತ್ರ. ತಮಿಳುನಾಡಿಗೆ ಎಷ್ಟು ಬಿಡಬೇಕೆಂಬುದು 2018ರಲ್ಲಿ ರಚನೆಯಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಮಟ್ಟದ ವಿಷಯ. ಅದು ನಮ್ಮ ಕೈಯಲ್ಲಿಲ್ಲ. ಆದರೆ ಯಾವ ದಿನ ಯಾವ ತೂಬಿನ ಸರದಿ ಎಂಬುದನ್ನು ಊರಿನ ಕಟ್ಟೆಯ ಮೇಲೆ ಬರೆದು ಹಾಕುವುದಕ್ಕೆ ಯಾವ ಪ್ರಾಧಿಕಾರವೂ ಅಡ್ಡಿಯಿಲ್ಲ, ಅದನ್ನಾದರೂ ಮಾಡಬಹುದಲ್ಲವೇ?

ಉತ್ತರ 3 (ಮಳವಳ್ಳಿ):
ಅಣ್ಣನವರ ಮಾತು ಸರಿ. ಆದರೆ ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಇದ್ದರೆ, ನಲ್ಲಿಯ ಮುಂದೆ ಬಿಂದಿಗೆ ಸಾಲಿಟ್ಟು ಕಾಯುವ ನಾವು ಬರುವುದು ಹೇಗೆ? ಸಭೆ ಸಂಜೆಗಿರಲಿ. ನೀರುಗಂಟಿಯನ್ನೂ ಕರೆಯಿರಿ, ಯಾವ ವಾಲ್ವ್ ಯಾರ ಮಾತಿಗೆ ತೆರೆಯುತ್ತದೆ ಎಂಬುದು ಅವನಿಗೆ ಗೊತ್ತು.