ನಲವತ್ತು ಕೀವರ್ಡ್ ಹಾಕಿದರೂ ನಮ್ಮ ಮಿಡಿ ಉಪ್ಪಿನಕಾಯಿ ಗೂಗಲ್‌ನಲ್ಲಿ ಕಾಣುತ್ತಿಲ್ಲ, ಎಂತ ಮಾಡಲಿ?

ಮಿಡಿಮನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಅಡಿಕೆ ತೋಟ ಇದೆ. ಅದರ ಜೊತೆಗೆ ಅತ್ತೆ, ನಾನು, ಪಕ್ಕದ ಮನೆಯ ಇಬ್ಬರು ಸೇರಿ ಅಪ್ಪೆಮಿಡಿ (ಘಮದ ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಮುರುಗಲು ಪಾನಕ, ತೊಡದೇವು (ತೆಳ್ಳಗಿನ ಗರಿಗರಿ ಸಿಹಿತಿಂಡಿ) ಮಾಡಿ ಮಾರುತ್ತೇವೆ. ಇಷ್ಟು ದಿನ ವಾಟ್ಸಾಪ್‌ನಲ್ಲೇ ನಡೆಯುತ್ತಿತ್ತು. ಕಳೆದ ವರ್ಷ ಒಂಬತ್ತು ಸಾವಿರ ಕೊಟ್ಟು ವೆಬ್‌ಸೈಟ್ ಮಾಡಿಸಿದೆವು. ಮಾಡಿಕೊಟ್ಟ ಹುಡುಗ "ನಲವತ್ತು ಕೀವರ್ಡ್ ಹಾಕಿದ್ದೇನೆ ಅಕ್ಕಾ, ಮೂರೇ ತಿಂಗಳಲ್ಲಿ ಮೊದಲ ಪುಟ" ಎಂದಿದ್ದ. ಕೀವರ್ಡ್ ಅಂದರೆ ಜನ ಹುಡುಕುವಾಗ ಹೊಡೆಯುವ ಪದವಂತೆ. ಎಂಟು ತಿಂಗಳಾಯಿತು.

ನಮ್ಮ ಅಂಗಡಿ ಹೆಸರು ಹೊಡೆದರೆ ಸೈಟ್ ಬರುತ್ತದೆ. ಆದರೆ ಆ ಹೆಸರು ಗೊತ್ತಿದ್ದವರ ಹತ್ತಿರ ನಮ್ಮ ಫೋನ್ ನಂಬರೇ ಇದೆ! "ಅಪ್ಪೆಮಿಡಿ ಉಪ್ಪಿನಕಾಯಿ" ಎಂದು ಹೊಡೆದರೆ ಐದನೇ ಪುಟದವರೆಗೂ ನಾವಿಲ್ಲ.

ಮೊನ್ನೆ ಮಗಳು ಮೌಸ್ ಎಳೆಯುತ್ತಾ ಪುಟದ ತಳದಲ್ಲಿ ಬಿಳಿ ಮೇಲೆ ಬಿಳಿ ಅಕ್ಷರ ಇರುವುದನ್ನು ಕಂಡುಹಿಡಿದಳು. "ಬೆಸ್ಟ್ ಪಿಕಲ್ ಇನ್ ಇಂಡಿಯಾ, ಮ್ಯಾಂಗೋ ಪಿಕಲ್ ಆನ್‌ಲೈನ್, ಪಿಕಲ್ ಬೆಂಗಳೂರು, ಪಿಕಲ್ ಮುಂಬಯಿ..." ಹೀಗೆ ಇಂಗ್ಲಿಷ್‌ನಲ್ಲಿ ಒಂದು ಮೊಳ ಉದ್ದ. ಆ ನಲವತ್ತು ಇವೇ ಇರಬೇಕು. ಈಗ ಬೇರೆ ಯಾರೋ ಫೋನ್ ಮಾಡಿ ತಿಂಗಳಿಗೆ ನಾಲ್ಕು ಸಾವಿರ ಕೊಟ್ಟರೆ ಮೇಲೆ ತರುತ್ತೇವೆ ಎನ್ನುತ್ತಿದ್ದಾರೆ. ಕೊಡಬೇಕಾ? ಕೀವರ್ಡ್ ಯಾವುದು ಹಾಕಬೇಕು, ಎಷ್ಟು ಸಲ ಹಾಕಬೇಕು? ನನಗೆ ಸೈಟ್ ತೆರೆದು ತಿದ್ದಲು ಬರುತ್ತದೆ, ಅಷ್ಟೇ.

ಅಂಕೋಲೆಯ ಮಾವು

ಅಕ್ಕ, ಸದ್ಯ ನಾಲ್ಕು ಸಾವಿರ ಕೊಡಬೇಡಿ. ನಮ್ಮದು ಕರಿ ಇಶಾಡ ಮಾವಿನ ವ್ಯಾಪಾರ. ನಾನೂ ಇಂಥದ್ದಕ್ಕೆ ಒಂದು ವರ್ಷ ದುಡ್ಡು ಸುರಿದು, ಆಮೇಲೆ ಕುಳಿತು ಕಲಿತವನು.

ಮೊದಲು ಆ ಬಿಳಿ ಅಕ್ಷರ ತೆಗೆಯಿರಿ. ಇವತ್ತೇ. ಅಡಗಿಸಿಟ್ಟ ಪದಗಳನ್ನು ಗೂಗಲ್ ಮೋಸ ಎಂದೇ ಎಣಿಸುತ್ತದೆ, ಅವರ ನಿಯಮದಲ್ಲೇ ಬರೆದಿದ್ದಾರೆ. ಸೈಟ್‌ನ ಕೋಡ್‌ನಲ್ಲಿ "ಮೆಟಾ ಕೀವರ್ಡ್ಸ್" ಎಂಬ ಒಂದು ಸಾಲೂ ಇರಬಹುದು. ಅದರಿಂದ ಹಾನಿ ಇಲ್ಲ, ಲಾಭವೂ ಇಲ್ಲ. ಆ ಸಾಲನ್ನು ರ‍್ಯಾಂಕಿಂಗ್‌ಗೆ (ಯಾರು ಮೇಲೆ, ಯಾರು ಕೆಳಗೆ ಎಂದು ನಿರ್ಧರಿಸಲು) ನೋಡುವುದೇ ಇಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಇವತ್ತಿಗೂ ಅದಕ್ಕೆ ಬಿಲ್ ಹಾಕುವವರಿದ್ದಾರೆ.

ಇನ್ನೊಂದು ಅನುಮಾನ. ಸೈಟ್‌ನಲ್ಲಿರುವ ಕನ್ನಡ ಯಾರು ಟೈಪ್ ಮಾಡಿದ್ದು? ಪುಟದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಏನು ಬರುತ್ತದೆ ನೋಡಿ ಹೇಳಿ.

ಮಿಡಿಮನೆ (ಶಿರಸಿ)

ಅಯ್ಯೋ ದೇವರೇ! ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಬಾಲ ಬಂದ ಹಾಗೆ ಏನೇನೋ ಬಂತು. ಸೈಟ್‌ನಲ್ಲಿ ಮಾತ್ರ ಸರಿಯಾಗಿ ಕಾಣುತ್ತದಲ್ಲ? ಟೈಪ್ ಮಾಡಿದ್ದು ನಮ್ಮ ಬಾಟಲಿ ಲೇಬಲ್ ಮಾಡಿಕೊಟ್ಟ ಪ್ರೆಸ್ಸಿನವರು. ಅದೇ ಫೈಲನ್ನು ಹುಡುಗನಿಗೆ ಕೊಟ್ಟಿದ್ದೆ.

ಅಂಕೋಲೆಯ ಮಾವು

ಕಳ್ಳ ಸಿಕ್ಕಿದ. ಅದು ಯೂನಿಕೋಡ್ (ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಕೊಡುವ ಪದ್ಧತಿ) ಬರುವ ಮುಂಚಿನ ಹಳೆಯ ನಮೂನೆಯ ಟೈಪಿಂಗ್. ಪ್ರೆಸ್ಸುಗಳಲ್ಲಿ ಇನ್ನೂ ಅದೇ ರೂಢಿ, ಮುದ್ರಣಕ್ಕೆ ಏನೂ ತೊಂದರೆ ಇಲ್ಲ. ಒಳಗಿರುವುದು ಇಂಗ್ಲಿಷ್ ಸಂಕೇತಗಳು, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ನಿಮ್ಮ ಹುಡುಗ ಫಾಂಟನ್ನೂ ಸೈಟ್‌ಗೆ ಸೇರಿಸಿದ್ದಾನೆ, ಹಾಗಾಗಿ ನಿಮ್ಮ ಕಣ್ಣಿಗೆ ಕನ್ನಡ. ಗೂಗಲ್ ವೇಷ ನೋಡುವುದಿಲ್ಲ, ಒಳಗಿನದನ್ನು ಓದುತ್ತದೆ. ಅದರ ಲೆಕ್ಕದಲ್ಲಿ ನಿಮ್ಮ ಇಡೀ ಸೈಟ್‌ನಲ್ಲಿ "ಉಪ್ಪಿನಕಾಯಿ" ಎಂಬ ಪದ ಒಂದು ಸಲವೂ ಇಲ್ಲ.

ಪರಿವರ್ತಿಸುವ ಸಾಧನಗಳು ಸಿಗುತ್ತವೆ. ಆದರೆ ನಿಮ್ಮದು ಆರೇಳು ಪುಟ ತಾನೇ? ಫೋನಿನ ಕನ್ನಡ ಕೀಬೋರ್ಡ್‌ನಲ್ಲಿ ಹೊಸದಾಗಿ ಬರೆದುಬಿಡಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಎಡವಟ್ಟಾಗುವುದಿದೆ. ಬ್ಯಾನರ್ ಚಿತ್ರದೊಳಗೆ ಬರೆದ ಅಕ್ಷರವನ್ನೂ ನೆಚ್ಚಿಕೊಳ್ಳಬೇಡಿ. ಮುಖ್ಯವಾದದ್ದು ಪುಟದಲ್ಲಿ ಅಕ್ಷರವಾಗಿಯೇ ಇರಲಿ.

ಇನ್ನು ಯಾವ ಕೀವರ್ಡ್ ಅಂತ ಕೇಳಿದಿರಿ. ನಿಮ್ಮ ವಾಟ್ಸಾಪ್ ತೆರೆಯಿರಿ. ಹೊಸ ಗಿರಾಕಿಗಳು ಕಳಿಸಿದ ಮೊದಲ ಮೆಸೇಜ್ ಮಾತ್ರ ಓದುತ್ತಾ ಹೋಗಿ, ಅವರು ಬಳಸಿದ ಪದ ಇದ್ದ ಹಾಗೇ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ತಿದ್ದಬೇಡಿ. ನನಗಂತೂ ಯಾವ ಸಾಧನಕ್ಕಿಂತ ಜಾಸ್ತಿ ಉಪಯೋಗವಾದದ್ದು ಇದೇ. ಗೂಗಲ್‌ನ ಕೀವರ್ಡ್ ಪ್ಲ್ಯಾನರ್ ಇದೆ, ಒಂದು ಪದವನ್ನು ತಿಂಗಳಿಗೆ ಎಷ್ಟು ಸಲ ಹುಡುಕುತ್ತಾರೆ ಎಂದು ಹೇಳುವ ಸಾಧನ, ಆದರೆ ಜಾಹೀರಾತಿಗೆ ದುಡ್ಡು ಹಾಕದವರಿಗೆ ಅದು ನೂರರಿಂದ ಸಾವಿರ, ಸಾವಿರದಿಂದ ಹತ್ತು ಸಾವಿರ ಅಂತ ಅಗಲವಾದ ಅಂದಾಜು ಕೊಡುತ್ತದೆ. ನಮ್ಮಂಥ ಸಣ್ಣ ಪದಗಳಿಗೆ ಎಷ್ಟೋ ಸಲ ಲೆಕ್ಕವೇ ಇರುವುದಿಲ್ಲ. ಲೆಕ್ಕ ಇಲ್ಲ ಅಂದರೆ ಕೇಳುವವರೇ ಇಲ್ಲ ಅಂತ ಅಲ್ಲ.

ನಿಮ್ಮ ಮುರುಗಲನ್ನೇ ತೆಗೆದುಕೊಳ್ಳಿ. ಘಟ್ಟದ ಮೇಲೆ ಮುರುಗಲು, ಕೊಂಕಣಿ ಮಾತಾಡುವವರಿಗೆ ಬಿರಂಡ, ಬೆಂಗಳೂರಿನ ಅಂಗಡಿಯಲ್ಲಿ ಕೋಕಂ. ಬಾಟಲಿ ತರಿಸುವ ಬೆಂಗಳೂರಿನವರು ಮುರುಗಲು ಅಂತ ಹೊಡೆಯುತ್ತಾರಾ? ಊರಿಂದ ಹೋಗಿ ನೆಲೆಸಿದವರು ಹೊಡೆಯಬಹುದು, ಉಳಿದವರಿಗೆ ಅದು ಕೋಕಂ. ಪುಟದ ಶೀರ್ಷಿಕೆ "ಕೋಕಂ (ಮುರುಗಲು) ಪಾನಕ, ಶಿರಸಿ" ಎಂದಿರಲಿ. ಒಳಗೆ ಬರೆಯುವಾಗ ಮನೆಯಲ್ಲಿ ಹೇಗೆ ಹೇಳುತ್ತೀರೋ ಹಾಗೇ ಬರೆಯಿರಿ.

ಮಿಡಿಗೆ ಬಂದರೆ ಲೆಕ್ಕ ಉಲ್ಟಾ. ಅಲ್ಲಿ ಊರ ಪದವೇ ಬಂಗಾರ. "ಮ್ಯಾಂಗೋ ಪಿಕಲ್" ಎಂಬ ಪದಕ್ಕೆ ದೊಡ್ಡ ಕಂಪನಿಗಳ ಜೊತೆ ಕುಸ್ತಿ ಹಿಡಿಯಬೇಕು. ಆ ಪದ ಹೊಡೆದವರಿಗೆ ಬೇಕಾಗಿದ್ದೂ ಎಣ್ಣೆಯಲ್ಲಿ ಮುಳುಗಿದ ಹೋಳು, ನಿಮ್ಮ ಇಡೀ ಮಿಡಿ ಅಲ್ಲ. "ಎಣ್ಣೆ ಹಾಕದ ಅಪ್ಪೆಮಿಡಿ ಉಪ್ಪಿನಕಾಯಿ" ಎಂದು ಹುಡುಕುವವರು ತಿಂಗಳಿಗೆ ಇಪ್ಪತ್ತೇ ಜನ ಇರಲಿ, ಅವರಿಗೆ ಬೇಕಾದದ್ದು ನಿಮ್ಮ ಜಾಡಿಯಲ್ಲೇ ಇದೆ. ಜೀರಿಗೆ ಅಪ್ಪೆ, ಅನಂತಭಟ್ಟನ ಅಪ್ಪೆ ಅಂತ ಜಾತಿ ಹೆಸರು ಹಿಡಿದು ಹುಡುಕುವವರಂತೂ ದರ ಕೇಳಿ ಹಿಂದೆ ಸರಿಯುವವರಲ್ಲ. ನಿಮ್ಮಲ್ಲಿ ಆ ಮಿಡಿ ಇದ್ದರೆ ಮಾತ್ರ ಬರೆಯಿರಿ ಮತ್ತೆ.

ಎಷ್ಟು ಸಲ? ಲೆಕ್ಕ ಬಿಡಿ. ಶೀರ್ಷಿಕೆಯಲ್ಲಿ ಒಂದು ಸಲ, ಪುಟದ ಮೇಲಿನ ದೊಡ್ಡ ಸಾಲಿನಲ್ಲಿ ಒಂದು ಸಲ, ಆಮೇಲೆ ಮಾತಿನಲ್ಲಿ ತಾನಾಗಿ ಬಂದಷ್ಟು. ಗಟ್ಟಿಯಾಗಿ ಓದಿದಾಗ ಅತ್ತೆ ನಕ್ಕರೆ ಜಾಸ್ತಿ ಆಯ್ತು ಅಂತ. ಒಂದು ಪದಾರ್ಥಕ್ಕೆ ಒಂದು ಪುಟ ಸಾಕು. ಒಂದೇ ಉಪ್ಪಿನಕಾಯಿಗೆ ಊರಿಗೊಂದು ಪುಟ ಮಾಡಿದರೆ ನಿಮ್ಮ ಪುಟಗಳೇ ತಮ್ಮತಮ್ಮಲ್ಲಿ ಜಗಳಕ್ಕೆ ನಿಲ್ಲುತ್ತವೆ.

ಕಪಾಟಿನ ಕೀಲಿ

ನಾನು ಕಾಲೇಜು ಲೈಬ್ರರಿಯಲ್ಲಿದ್ದು ನಿವೃತ್ತನಾದವನು. ಒಂದು ತಮಾಷೆ ಹೇಳುತ್ತೇನೆ. ಊರ ಹೆಸರನ್ನು ಇಂಗ್ಲಿಷ್‌ನಲ್ಲಿ ಸುಮ್ನೆ "ಸಿರ್ಸಿ" ಎಂದು ಮಾತ್ರ ಬರೆಯಬೇಡಿ. ಅಮೆರಿಕದಲ್ಲಿ ಸಿರ್ಸಿಡೈನಿಕ್ಸ್ ಎಂಬ ಲೈಬ್ರರಿ ಸಾಫ್ಟ್‌ವೇರ್ ಕಂಪನಿ ಇದೆ. ನಮ್ಮೂರ ಸುದ್ದಿ ಹುಡುಕಲು ಹೋಗಿ ಎಷ್ಟೋ ಸಲ ಅವರ ಪುಸ್ತಕದ ಕಪಾಟಿನೊಳಗೆ ಹೊಕ್ಕಿದ್ದೇನೆ. ಜೊತೆಗೆ ಉತ್ತರ ಕನ್ನಡ, ಕರ್ನಾಟಕ ಎಂದು ಇರಲಿ. ತೊಡದೇವಿಗೆ ಇಂಗ್ಲಿಷ್‌ನಲ್ಲಿ ಟಿ ಆದಮೇಲೆ ಎಚ್ ಹಾಕುವವರೂ ಇದ್ದಾರೆ, ಹಾಕದವರೂ ಇದ್ದಾರೆ. ಎಲ್ಲಾ ಕಾಗುಣಿತವನ್ನೂ ತುರುಕಲು ಹೋಗಬೇಡಿ. ಅಂಥ ಸಣ್ಣ ವ್ಯತ್ಯಾಸ ಗೂಗಲ್ ತಾನೇ ಸಂಭಾಳಿಸುತ್ತದೆ.

ಕಾಳಿ ತೀರ

ಕಾರವಾರದಿಂದ. ಮಾಜಾಳಿ ಕಡೆ ನಮ್ಮದು ಎರಡು ಕೋಣೆಯ ಹೋಮ್‌ಸ್ಟೇ. ಮೇಲಿನವರು ಗೂಗಲ್ ಮ್ಯಾಪ್ ವಿಷಯ ಬಿಟ್ಟರು. ಮ್ಯಾಪ್‌ನಲ್ಲಿ ನಿಮ್ಮ ಅಂಗಡಿ ದಾಖಲಿಸಿ, ದುಡ್ಡು ಕೊಡಬೇಕಿಲ್ಲ. ಮ್ಯಾಪ್‌ನಲ್ಲಿ ಹುಡುಕಿದ್ದಕ್ಕೆ ಹೊಂದುತ್ತದಾ, ಎಷ್ಟು ದೂರ, ಎಷ್ಟು ಹೆಸರುವಾಸಿ, ಈ ಮೂರನ್ನು ನೋಡುತ್ತಾರೆ. ಆದರೆ ನಾನು ಮಾಡಿದ ಬುದ್ಧಿವಂತಿಕೆ ಮಾಡಬೇಡಿ. ಹೋಮ್‌ಸ್ಟೇ ಹೆಸರಿಗೆ "ಬೀಚ್ ಹತ್ತಿರ ಕಡಿಮೆ ದರ ಎಸಿ ರೂಮ್" ಎಂದು ಬಾಲ ಅಂಟಿಸಿದ್ದೆ. ಬೋರ್ಡ್‌ನಲ್ಲಿ ಇಲ್ಲದ ಪದ ಹೆಸರಿನಲ್ಲಿ ಇರಬಾರದು ಎಂಬುದು ನಿಯಮ. ಸರಿಯಾಗಿ ದಸರಾ ರಜೆಗೆ ಲಿಸ್ಟಿಂಗ್ ಅಮಾನತಾಯಿತು. ಆ ವಾರ ಮನೆಯವರು ನನ್ನ ಹತ್ತಿರ ಮಾತಾಡಲಿಲ್ಲ.

ಅಂಕೋಲೆಯ ಮಾವು

ಹಹ್ಹ, ಪಾಪ. ಅಕ್ಕ, ಒಂದು ಬಿಟ್ಟಿದ್ದೆ, ಕಾಲ. ನಮ್ಮ ಕರಿ ಇಶಾಡಕ್ಕೆ 2023ರಲ್ಲಿ ಜಿಐ (ಊರಿನ ವಿಶೇಷ ಪದಾರ್ಥಕ್ಕೆ ಸಿಗುವ ಭೌಗೋಳಿಕ ಗುರುತು) ಸಿಕ್ಕಿತು, ಆಮೇಲೆ ಹೊರಗಿನವರ ಫೋನ್ ಶುರುವಾಯಿತು. ಹಣ್ಣು ಬರುವುದು ಮೇ ತಿಂಗಳಲ್ಲಿ, ಸಿಪ್ಪೆ ತೆಳು, ಜಾಸ್ತಿ ದಿನ ಇಡಲಾಗದು. ನಾನು ಪುಟ ಬರೆದದ್ದೂ ಮೇನಲ್ಲೇ! ಗೂಗಲ್ ನನ್ನನ್ನು ಗುರುತಿಸುವ ಹೊತ್ತಿಗೆ ಮಳೆ ಹಿಡಿದಿತ್ತು. ಈಗ ಫೆಬ್ರವರಿಯಲ್ಲೇ ತಿದ್ದಿ ಇಡುತ್ತೇನೆ, ಅದೇ ವಿಳಾಸದ ಅದೇ ಪುಟ. ವರ್ಷಕ್ಕೊಂದು ಹೊಸ ಪುಟ ಮಾಡಿದರೆ ಗಳಿಸಿದ ಹೆಸರೆಲ್ಲ ಹಳೆಯ ಪುಟದಲ್ಲೇ ಉಳಿಯುತ್ತದೆ. ಪಾನಕಕ್ಕೂ ಬೇಸಿಗೆಗೆ ಮುಂಚೆಯೇ ತಯಾರಾಗಿ.

ಗೂಗಲ್‌ನದೇ ಸರ್ಚ್ ಕನ್ಸೋಲ್‌ನಲ್ಲಿ ಸೈಟ್ ನೋಂದಾಯಿಸಿ, ಅದೂ ಪುಕ್ಕಟೆ. ಜನ ಏನು ಹೊಡೆದಾಗ ನೀವು ಕಂಡಿರಿ, ಎಷ್ಟನೇ ಜಾಗದಲ್ಲಿ, ಎಷ್ಟು ಜನ ಒತ್ತಿದರು, ಎಲ್ಲಾ ಅಲ್ಲಿ ಬರುತ್ತದೆ. ಎಂಟರಿಂದ ಇಪ್ಪತ್ತನೇ ಜಾಗದಲ್ಲಿ ನೇತಾಡುವ ಪದಗಳನ್ನು ಮೊದಲು ನೋಡಿ. ಆರು ವಾರ ಬಿಟ್ಟು ಬನ್ನಿ, ದಿನಾ ನೋಡಿ ತಲೆ ಕೆಡಿಸಿಕೊಳ್ಳಬೇಡಿ.

ಮಿಡಿಮನೆ (ಶಿರಸಿ)

ಏಳು ವಾರದ ಮೇಲೆ ಬಂದೆ. ಕೊಯ್ಲು ಇತ್ತು, ತಡವಾಯಿತು.

ಬಿಳಿ ಅಕ್ಷರ ತೆಗೆದೆ. ಎಲ್ಲಾ ಪುಟ ಫೋನಿನಲ್ಲೇ ಮತ್ತೆ ಟೈಪ್ ಮಾಡಿದೆ, ರಾತ್ರಿ ಊಟವಾದ ಮೇಲೆ, ದಿನಕ್ಕೆ ಒಂದು. ವಾಟ್ಸಾಪ್ ನೋಟ್‌ಬುಕ್ ಮಾಡಿದಾಗ ನನಗೇ ಆಶ್ಚರ್ಯ. ಅಪ್ಪೆಮಿಡಿ ಅಂದವರಿಗಿಂತ "ಮಾವಿನಮಿಡಿ" ಅಂದವರೇ ಜಾಸ್ತಿ. ನನಗೆ ಎರಡೂ ಒಂದೇ ಅಂತ ಅನ್ನಿಸಿತ್ತು, ಆದರೆ ಸೈಟ್‌ನಲ್ಲಿ ಎಲ್ಲೂ ಮಾವಿನಮಿಡಿ ಎಂದು ಬರೆದಿರಲೇ ಇಲ್ಲ. "ಕೊರಿಯರ್‌ನಲ್ಲಿ ಸೋರುತ್ತದಾ" ಅಂತ ಹನ್ನೊಂದು ಜನ ಕೇಳಿದ್ದರು. ಅದಕ್ಕೂ ಪುಟದಲ್ಲಿ ಉತ್ತರ ಹಾಕಿದೆ.

ಈಗ "ಎಣ್ಣೆ ಹಾಕದ ಮಾವಿನಮಿಡಿ ಉಪ್ಪಿನಕಾಯಿ" ಎಂದು ಹೊಡೆದರೆ ಮೊದಲ ಪುಟದಲ್ಲಿ ಕೆಳಗಡೆ ಇದ್ದೇವೆ. ಮಗಳ ಫೋನಿನಲ್ಲೂ ನೋಡಿದೆ, ಬೆಂಗಳೂರಿನ ತಂಗಿಯ ಹತ್ತಿರವೂ ನೋಡಿಸಿದೆ. "ಅಪ್ಪೆಮಿಡಿ" ಒಂದೇ ಪದಕ್ಕೆ ಇನ್ನೂ ಮೂರನೇ ಪುಟ. ಗುರುತು ಪರಿಚಯ ಇಲ್ಲದವರಿಂದ ನಾಲ್ಕು ಆರ್ಡರ್ ಬಂದಿದೆ, ಒಂದು ಪುಣೆಯಿಂದ.

ಕನ್ಸೋಲ್‌ನಲ್ಲಿ ಒಂದು ಸಾಲು ನೋಡಿ ಪೇಚಿಗೆ ಸಿಕ್ಕಿದ್ದೇನೆ. "ಮಿಡಿ ಮೆತ್ತಗಾಗದಂತೆ ಉಪ್ಪು ಎಷ್ಟು ಹಾಕಬೇಕು" ಎಂದು ಜನ ಕೇಳುತ್ತಿದ್ದಾರೆ, ನಾವು ಹದಿನಾಲ್ಕನೇ ಜಾಗದಲ್ಲಿ ಕಾಣುತ್ತೇವೆ, ಒಬ್ಬರೂ ಒತ್ತಿಲ್ಲ. ಇವರು ಕೊಳ್ಳುವವರಲ್ಲ, ಮನೆಯಲ್ಲೇ ಹಾಕಿಕೊಳ್ಳುವವರು. ಅವರಿಗೆ ಬರೆದು ನಮಗೇನು?

ಅಂಕೋಲೆಯ ಮಾವು

ಬರೆಯಿರಿ ಅಕ್ಕ. ಈ ವರ್ಷ ಹಾಕಿಕೊಳ್ಳುವವರಲ್ಲಿ ಅರ್ಧ ಜನರ ಮಿಡಿ ಮೆತ್ತಗಾಗುತ್ತದೆ, ಮುಂದಿನ ವರ್ಷ ನಿಮ್ಮಲ್ಲೇ ತರಿಸುತ್ತಾರೆ. ಅದಕ್ಕೆ ಬೇರೆ ಪುಟ ಮಾಡಿ, ಮಾರುವ ಪುಟದಲ್ಲಿ ಕಲಸಬೇಡಿ. ಕೊನೆಗೆ ಅಲ್ಲಿಂದ ಇಲ್ಲಿಗೆ ಒಂದು ಲಿಂಕ್ ಸಾಕು. ತೊಟ್ಟು, ಸೊನೆ, ಕಲ್ಲುಪ್ಪು, ಮುರುಟುವವರೆಗೆ ಎಷ್ಟು ದಿನ, ಉಪ್ಪುನೀರು ಕುದಿಸಿ ಆರಿಸುವುದು, ಎಲ್ಲಾ ಬಿಡಿಸಿ ಬರೆಯಿರಿ. ಫೋಟೋ ನಿಮ್ಮದೇ ಜಾಡಿಯದು ಹಾಕಿ.

ಮಿಡಿಮನೆ (ಶಿರಸಿ)

ಅತ್ತೆಯ ಹತ್ತಿರ ಕೇಳಿದೆ. ಅಡಿಕೆ ಸುಲಿಯುತ್ತಿದ್ದವರು ಕತ್ತಿಯಿಂದ ಕಣ್ಣು ತೆಗೆಯದೆ ಹೇಳಿದರು: "ಉಪ್ಪಿನ ಲೆಕ್ಕ ಬರಿ. ಸಾಸಿವೆ, ಮೆಣಸಿನದು ಬೇಡ."