ಸಹಾಯ ಬೇಕು: ಅಕ್ಕನ ಮಕ್ಕಳು ನಮ್ಮ ಹತ್ರ ಇದ್ದಾರೆ, ಸರ್ಕಾರಿ ನೆರವಿನ ಅರ್ಜಿಗೆ ಯಾರ ಆದಾಯ ತೋರಿಸಬೇಕು?

ಎಲ್ಲರಿಗೂ ನಮಸ್ಕಾರ. ನಮ್ಮದು ರಾಯಚೂರು ಜಿಲ್ಲೆಯ ಒಂದು ಹಳ್ಳಿ. ಅಕ್ಕನಿಗೆ ಕ್ಯಾನ್ಸರ್. ಬೆಂಗಳೂರಲ್ಲಿ ಚಿಕಿತ್ಸೆ ನಡೆಯುತ್ತಿದೆ, ಭಾವ ಕೂಲಿ ಬಿಟ್ಟು ಅವಳ ಜೊತೆಗೇ ಇದ್ದಾರೆ. ಇಬ್ಬರು ಮಕ್ಕಳು ನಮ್ಮ ಮನೆಯಲ್ಲಿದ್ದಾರೆ. ಅಕ್ಕ ಹುಷಾರಾಗಿ ಬರೋವರೆಗೂ ನಾವೇ ನೋಡ್ಕೋತೀವಿ, ಅದರಲ್ಲಿ ಎರಡು ಮಾತಿಲ್ಲ. ಚಿಕ್ಕವಳು ರಾತ್ರಿ ಅಮ್ಮ ಬೇಕು ಅಂತ ಅಳುತ್ತಾಳೆ, ಫೋನಲ್ಲಿ ಮಾತಾಡಿಸಿ ಮಲಗಿಸುತ್ತೇವೆ.

ಖರ್ಚು ಮಾತ್ರ ಕೈ ಮೀರುತ್ತಿದೆ. ಮಿಷನ್ ವಾತ್ಸಲ್ಯ ಅನ್ನೋ ಸರ್ಕಾರದ ಮಕ್ಕಳ ರಕ್ಷಣೆ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಹಣದ ನೆರವಿದೆ, ಅದರಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ, ಅಪ್ಪ ಅಮ್ಮನಿಗೆ ಜೀವಕ್ಕೆ ಅಪಾಯದ ಕಾಯಿಲೆ ಇದ್ದರೂ ಅರ್ಜಿ ಹಾಕಬಹುದು ಅಂತ ಅಂಗನವಾಡಿ ಟೀಚರ್ ಹೇಳಿದರು. ಮಕ್ಕಳ ಆಧಾರ್, ಶಾಲೆಯ ದಾಖಲೆ, ಅಕ್ಕನ ಆಸ್ಪತ್ರೆ ಕಾಗದ ಎಲ್ಲಾ ಜೋಡಿಸಿದ್ದೇನೆ.

ಸಿಕ್ಕಿಬಿದ್ದಿರೋದು ಆದಾಯ ಪ್ರಮಾಣ ಪತ್ರದಲ್ಲಿ. ಹಳ್ಳಿಯವರಿಗೆ ಮಿತಿ ವರ್ಷಕ್ಕೆ 72,000. ವಿಚಾರಿಸಿದಾಗ ಒಬ್ಬರು ಅಕ್ಕ ಭಾವನದು ತನ್ನಿ ಅಂದರು, ಇನ್ನೊಬ್ಬರು ಮಕ್ಕಳು ಇರೋ ಮನೆಯದು ಅಂದರು. ನನ್ನ ಗಂಡನ ಆದಾಯ ಆ ಮಿತಿಗಿಂತ ಸ್ವಲ್ಪ ಜಾಸ್ತಿ. ಈ ಅರ್ಜಿಗಾಗಿ ಮಕ್ಕಳ ಕಲ್ಯಾಣ ಸಮಿತಿ (ಮಕ್ಕಳ ರಕ್ಷಣೆ ನೋಡಿಕೊಳ್ಳೋ ಜಿಲ್ಲೆಯ ಸಮಿತಿ) ಮುಂದೆ ಹೋದರೆ ಮಕ್ಕಳನ್ನು ಬಾಲಮಂದಿರಕ್ಕೆ ಕಳಿಸಿಬಿಡುತ್ತಾರೆ ಅಂತ ಅತ್ತೆಗೆ ಭಯ ಬೇರೆ.

ಹೀಗೆ ಸಂಬಂಧಿಕರ ಮಕ್ಕಳಿಗೆ ಅರ್ಜಿ ಹಾಕಿದವರು ದಯವಿಟ್ಟು ಹೇಳಿ: ಯಾರ ಆದಾಯ ಪ್ರಮಾಣ ಪತ್ರ ಕೊಟ್ಟಿರಿ? ಸಮಿತಿ ಮುಂದೆ ಮಕ್ಕಳನ್ನು ಕರೆದುಕೊಂಡು ಹೋಗಬೇಕಾಯಿತಾ?