ಫ್ಲೂ, ಡೆಂಗಿ, ಕೋವಿಡ್: ರಕ್ತದ ಜೀನ್ ಡೇಟಾದಲ್ಲಿ ಕಾಣುವ ವ್ಯತ್ಯಾಸ ವೈರಸ್ಸಿನದೋ, ಲ್ಯಾಬಿನದೋ?

ಹೊಸಕಣ:
ಮೂರು ಅಧ್ಯಯನಗಳ ರಕ್ತದ ಆರ್‌ಎನ್‌ಎ ಸೀಕ್ವೆನ್ಸಿಂಗ್ ಡೇಟಾ (ಯಾವ ಜೀನ್ ಎಷ್ಟು ಸಕ್ರಿಯ ಎಂಬ ಎಣಿಕೆ) ಇದೆ. ಒಂದು ಫ್ಲೂ, ಒಂದು ಡೆಂಗಿ, ಇನ್ನೊಂದು ಕೋವಿಡ್. ಮೂರರಲ್ಲೂ ಆರೋಗ್ಯವಂತರ ಸ್ಯಾಂಪಲ್‌ಗಳಿವೆ. ರೋಗಿಗಳನ್ನಷ್ಟೇ ಒಟ್ಟುಮಾಡಿ ಪಿಸಿಎ (ಒಂದನ್ನೊಂದು ಹೋಲುವ ಸ್ಯಾಂಪಲ್‌ಗಳನ್ನು ಹತ್ತಿರ ತೋರಿಸುವ ನಕ್ಷೆ) ಹಾಕಿದರೆ ಮೂರು ಗುಂಪು ಸ್ಪಷ್ಟವಾಗಿ ಬೇರೆ ನಿಲ್ಲುತ್ತವೆ. ಲ್ಯಾಬ್‌ಗಳ ನಡುವಿನ ವ್ಯತ್ಯಾಸ ತೆಗೆಯುವ ಕಾಂಬ್ಯಾಟ್ ಓಡಿಸಿದರೆ ಎಲ್ಲ ಕಲಸಿಹೋಗುತ್ತದೆ. ಯಾವುದನ್ನು ನಂಬಲಿ?

ಎಣಿಕೆಗಾರ:
ಎರಡನ್ನೂ ನಂಬಬೇಡಿ. ಆರೋಗ್ಯವಂತರನ್ನು ಕೈಬಿಟ್ಟ ಕೂಡಲೇ ಬ್ಯಾಚ್ (ಸ್ಯಾಂಪಲ್ ಯಾವ ಲ್ಯಾಬಿನ, ಯಾವ ಅಧ್ಯಯನದ್ದು ಎಂಬುದು) ಮತ್ತು ವೈರಸ್ ಒಂದೇ ಆಗಿಹೋಯಿತು. ಬ್ಯಾಚ್ ತೆಗೆಯಲು ಹೇಳಿದರೆ ಕಾಂಬ್ಯಾಟ್ ವೈರಸ್ಸನ್ನೂ ಜೊತೆಗೇ ತೆಗೆಯುತ್ತದೆ.

ಮೊದಲು ಆರೋಗ್ಯವಂತರದ್ದು ಮಾತ್ರ ಪಿಸಿಎ ಹಾಕಿ. ಅವರೂ ಮೂರು ಗುಂಪಾಗಿ ನಿಂತರೆ ನಿಮಗೆ ಕಂಡದ್ದರಲ್ಲಿ ಲ್ಯಾಬಿನ ಪಾಲು ದೊಡ್ಡದಿದೆ. ಆಮೇಲೆ ಪ್ರತಿ ಅಧ್ಯಯನದಲ್ಲೂ ರೋಗಿಗಳನ್ನು ಅದರದೇ ಆರೋಗ್ಯವಂತರ ಜೊತೆ ಡೀಸೆಕ್2 ಎಂಬ ತಂತ್ರಾಂಶದಲ್ಲಿ ಹೋಲಿಸಿ. ಕಚ್ಚಾ ಎಣಿಕೆಯನ್ನೇ ಕೊಡಿ, ಟಿಪಿಎಂ (ಮೊದಲೇ ಸರಿಹೊಂದಿಸಿದ ಎಣಿಕೆ) ಬೇಡ. ಮೂರರ ನಡುವೆ ಹೋಲಿಸಬೇಕಾದ್ದು ಲಾಗ್2 ಏರಿಳಿತ (ಆರೋಗ್ಯವಂತರಿಗಿಂತ ಎಷ್ಟು ಪಟ್ಟು ಹೆಚ್ಚು ಅಥವಾ ಕಡಿಮೆ ಎಂಬುದರ ಲಾಗ್) ಮತ್ತು ಅದರ ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆ) ಮಾತ್ರ.

ಗ್ಲೋಬಿನ್ (ಹಿಮೋಗ್ಲೋಬಿನ್ ಜೀನ್‌ಗಳ ಆರ್‌ಎನ್‌ಎ) ತೆಗೆದಿದ್ದಾರಾ ನೋಡಿ. ತೆಗೆಯದ ಇಡೀ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚು ರೀಡ್‌ಗಳನ್ನು (ಓದಿದ ಆರ್‌ಎನ್‌ಎ ತುಣುಕುಗಳನ್ನು) ಆ ಜೀನ್‌ಗಳಾದ ಎಚ್‌ಬಿಎ1, ಎಚ್‌ಬಿಎ2, ಎಚ್‌ಬಿಬಿ ನುಂಗಿರಬಹುದು. ನಾರ್ಮಲೈಸ್ ಮಾಡುವ (ಸ್ಯಾಂಪಲ್‌ಗಳನ್ನು ಒಂದೇ ಅಳತೆಗೆ ತರುವ) ಮೊದಲೇ ಅವನ್ನು ಬಿಡಿ. ಒಂದು ಅಧ್ಯಯನ ಪಿಬಿಎಂಸಿಯದಾದರೆ (ರಕ್ತದಿಂದ ಬೇರ್ಪಡಿಸಿದ ಲಿಂಫೊಸೈಟ್, ಮೊನೊಸೈಟ್‌ಗಳದಾದರೆ) ಅದರಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಹೆಚ್ಚುಕಡಿಮೆ ಇರುವುದೇ ಇಲ್ಲ. ಇಡೀ ರಕ್ತದ ಪಕ್ಕ ಇಡಬೇಡಿ.

ದಿನಗಣನೆ:
ಇಷ್ಟು ಮಾಡಿದರೂ ಇಂಟರ್‌ಫೆರಾನ್ (ವೈರಸ್ ಬಂದಾಗ ಕೋಶಗಳು ಹೊರಬಿಡುವ ಎಚ್ಚರಿಕೆಯ ಪ್ರೋಟೀನು) ಎಬ್ಬಿಸುವ ಜೀನ್‌ಗಳಾದ ಐಎಸ್‌ಜಿ15, ಎಂಎಕ್ಸ್1, ಐಎಫ್‌ಐಟಿ1, ಆರ್‌ಎಸ್‌ಎಡಿ2 ಮೂರು ಸೋಂಕಿನಲ್ಲೂ ಏರುತ್ತವೆ. ವೈರಸ್ಸೋ ಬ್ಯಾಕ್ಟೀರಿಯಾವೋ ಎಂದು ಕೇಳಿದರೆ ಇವು ಉಪಯೋಗಕ್ಕೆ ಬರುತ್ತವೆ, ಯಾವ ವೈರಸ್ ಎಂಬುದಕ್ಕೆ ಅಲ್ಲ.

ದೊಡ್ಡ ಬಲೆ ಜ್ವರದ ದಿನ. ಇಂಟರ್‌ಫೆರಾನ್ ಜೀನ್‌ಗಳು ಮೊದಲ ದಿನಗಳಲ್ಲಿ ಏರಿ ಇಳಿಯುತ್ತವೆ. ಅವು ಇಳಿಯುವ ಹೊತ್ತಿಗೆ ಎಂಕೆಐ67 (ಕೋಶ ವಿಭಜನೆಯ ಗುರುತು) ಮತ್ತು ಇಮ್ಯುನೋಗ್ಲಾಬ್ಯುಲಿನ್ (ಪ್ರತಿಕಾಯ) ಜೀನ್‌ಗಳು ಮೇಲೇಳುತ್ತವೆ. 2ನೇ ದಿನದ ಫ್ಲೂ ಪಕ್ಕದಲ್ಲಿ 9ನೇ ದಿನದ ಕೋವಿಡ್ ಇಟ್ಟರೆ ‘ಕೋವಿಡ್‌ನಲ್ಲಿ ಇಂಟರ್‌ಫೆರಾನ್ ಕಡಿಮೆ’ ಎಂಬ ಉತ್ತರ ಬರದೆ ಇನ್ನೇನು ಬರುತ್ತದೆ? ಅಂದಹಾಗೆ ಇಂಟರ್‌ಫೆರಾನ್ ಬೀಟಾದ ಜೀನ್ ಐಎಫ್‌ಎನ್‌ಬಿ1 ಅನ್ನೇ ರಕ್ತದಲ್ಲಿ ಹುಡುಕಬೇಡಿ, ಬಹುಪಾಲು ಸೊನ್ನೆಯೇ ಸಿಗುತ್ತದೆ.

ಹೊಸಕಣ:
ಡೆಂಗಿಯ ಎನ್‌ಎಸ್5 ಪ್ರೋಟೀನು ಇಂಟರ್‌ಫೆರಾನ್ ಸಂಕೇತ ಸಾಗಿಸುವ ಸ್ಟ್ಯಾಟ್2 ಅನ್ನು ನಾಶಮಾಡುತ್ತದಲ್ಲ, ಅದರ ಗುರುತು ಕಾಣಬೇಕಲ್ಲವೇ? ಟಿ ಕೋಶಗಳ ಜೀನ್ ಸಿಡಿ3ಡಿ ಕೋವಿಡ್‌ನಲ್ಲಿ ತುಂಬಾ ಇಳಿದಿದೆ, ಅದೂ ವೈರಸ್ ಕೆಲಸವೇ?

ಎಣಿಕೆಗಾರ:
ಎನ್‌ಎಸ್5 ಕೆಲಸ ಮಾಡುವುದು ಸೋಂಕು ತಗುಲಿದ ಕೋಶದೊಳಗೆ. ಡೆಂಗಿ ಮೊನೊಸೈಟ್‌ಗಳನ್ನು ಹೊಕ್ಕರೂ ಟ್ಯೂಬಿನಲ್ಲಿರುವ ಬಹುಪಾಲು ಕೋಶಗಳಿಗೆ ಸೋಂಕಿಲ್ಲ, ಹೊರಗಿನ ಇಂಟರ್‌ಫೆರಾನ್‌ಗೆ ಓಗೊಡುತ್ತಿರುತ್ತವೆ. ಆ ಗುರುತು ಬೇಕಾದರೆ ಕಲ್ಚರ್ (ಲ್ಯಾಬಿನಲ್ಲಿ ಬೆಳೆಸಿ ಸೋಂಕು ತಗುಲಿಸಿದ ಕೋಶಗಳ) ಡೇಟಾ ನೋಡಿ.

ಸಿಡಿ3ಡಿ ಇಳಿದಿದೆ ಅಂದರೆ ಜೀನ್ ಆಫ್ ಆಗಿದೆ ಅಂತಲ್ಲ, ಹೆಚ್ಚಾಗಿ ಟಿ ಕೋಶಗಳ ಪಾಲೇ ಕುಸಿದಿರುತ್ತದೆ. ಟಿ ಕೋಶಗಳ ಬೇರೆ ಜೀನ್‌ಗಳಾದ ಸಿಡಿ3ಇ, ಟಿಆರ್‌ಎಸಿ ಕೂಡ ಅಷ್ಟೇ ಇಳಿದಿದ್ದರೆ ಅದೇ ಕಾರಣ ಅಂದುಕೊಳ್ಳಿ. ಕೋಶಗಳ ಪ್ರಮಾಣವನ್ನು ಮಾಡೆಲ್‌ಗೆ ಸೇರಿಸಿ ಒಮ್ಮೆ, ಸೇರಿಸದೆ ಒಮ್ಮೆ ಓಡಿಸಿ, ಎರಡನ್ನೂ ತೋರಿಸಿ.

ಹೊಸಕಣ:
ಫ್ಲೂ ಡೇಟಾದಲ್ಲಿ ಜ್ವರದ ದಿನವೇ ಬರೆದಿಲ್ಲ.

ದಿನಗಣನೆ:
ಹಾಗಿದ್ದರೆ ಇಂಟರ್‌ಫೆರಾನ್ ಮಟ್ಟದ ಹೋಲಿಕೆಯಿಂದ ಫ್ಲೂ ಹೊರಗಿಡಿ. ಡೆಂಗಿ, ಕೋವಿಡ್ ಎರಡನ್ನೇ ಒಂದೇ ದಿನಗಳ ಕಿಟಕಿಯಲ್ಲಿ ಹೋಲಿಸಿ.